ಕಸಿಗೆ ಮುಂಚಿನ ಹಸನು



ಮೂತ್ರಪಿಂಡದ ಕಸಿ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಎರಡು ಮೇಜುಗಳು. ಒಂದರ ಮೇಲೆ ಕೊಡುವವರು ಮಲಗಿರುತ್ತಾರೆ, ಇನ್ನೊಂದರ ಮೇಲೆ ಪಡೆಯುವವರು. ಕೊಟ್ಟವರ ತ್ಯಾಗವನ್ನು ಪತ್ರಿಕೆಗಳು ಬರೆಯುತ್ತವೆ; ಪಡೆದವರ ಮರುಹುಟ್ಟನ್ನು ಬಂಧುಗಳು ಕೊಂಡಾಡುತ್ತಾರೆ. ಆದರೆ ಇವೆರಡರ ನಡುವೆ ಮೂರನೆಯ ಮೇಜೊಂದುಂಟು. ಅದು ಚಿಕ್ಕದು, ಅದರ ಮೇಲೆ ಮನುಷ್ಯರು ಮಲಗುವುದಿಲ್ಲ. ಒಂದು ಬೋಗುಣಿ, ಬೋಗುಣಿಯ ತುಂಬ ಮಂಜಿನ ಹುಡಿ, ಅದರ ನಡುವೆ ಮುಷ್ಟಿಗಾತ್ರದ ಒಂದು ಅವಯವ, ಇಷ್ಟೇ ಅಲ್ಲಿ ಕಾಣುವುದು. ಈ ಸಂಜೆ ನಾನು ಹೇಳಬೇಕೆಂದಿರುವುದು ಆ ಮೂರನೆಯ ಮೇಜಿನ ಮೇಲೆ ನಡೆಯುವ ಕೆಲಸವನ್ನು ಕುರಿತು.

ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯ ನನ್ನ ಬಾಗಿಲಿಗೆ ತಾನಾಗಿ ಬಂತು. ನನ್ನ ತಮ್ಮ ಸಾಗರದ ಕಡೆ ತೋಟ ಮಾಡಿಕೊಂಡಿರುವವನು. ಅಡಕೆಯ ಜೊತೆಗೆ ಅಪ್ಪೆಮಿಡಿಯ ಗಿಡಗಳನ್ನು ಕಸಿ ಕಟ್ಟುವುದು ಅವನ ಹವ್ಯಾಸ. ಅವನ ಎರಡೂ ಮೂತ್ರಪಿಂಡಗಳು ಕೆಟ್ಟುಹೋದುವು. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾಯಿತು. ನಾನು ಕೊಡುತ್ತೇನೆಂದು ಮುಂದೆ ಹೋದೆ. ನನಗೆ ಸಕ್ಕರೆ ಕಾಯಿಲೆ ಇದ್ದುದರಿಂದ ವೈದ್ಯರು ಒಪ್ಪಲಿಲ್ಲ. ತಲೆ ತಗ್ಗಿಸಿಕೊಂಡು ಮನೆಗೆ ಬಂದವನಿಗೆ ಅಕ್ಕ ಹೇಳಿದಳು: “ನೀ ಸುಮ್ಮನಿರು ಮಾರಾಯ, ನಾನಿಲ್ಲವಾ?” ಆಗ ಅವಳಿಗೆ ಐವತ್ತೆಂಟು ವರ್ಷ.

2014ರ ಒಂದು ಬೆಳಗ್ಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಕ್ಕನನ್ನೂ ತಮ್ಮನನ್ನೂ ಅಕ್ಕಪಕ್ಕದ ಕೋಣೆಗಳಿಗೆ ಕರೆದೊಯ್ದರು. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಮುಗಿಯುತ್ತದೆ ಎಂದಿದ್ದರು. ಹತ್ತೂವರೆಗೆ ದಾದಿಯೊಬ್ಬರು ಹೊರಬಂದು, “ಅಕ್ಕನವರದ್ದು ತೆಗೆದಾಯಿತು” ಎಂದು ಹೇಳಿಹೋದರು. ಆಮೇಲೆ ಹನ್ನೊಂದಾಯಿತು, ಹನ್ನೆರಡಾಯಿತು, ಒಂದಾಯಿತು. ಯಾರೂ ಬಾಗಿಲು ತೆರೆಯಲಿಲ್ಲ. ತೆಗೆದದ್ದಾಗಿದೆ, ಹಾಕಿದ್ದು ತಿಳಿಯದು. ಅಕ್ಕನಲ್ಲಿ ಈಗ ಅದಿಲ್ಲ, ತಮ್ಮನಿಗೆ ಇನ್ನೂ ಸೇರಿಲ್ಲ. ಹಾಗಾದರೆ ಅದು ಎಲ್ಲಿದೆ? ಏನು ಮಾಡುತ್ತಿದ್ದಾರೆ? ಆ ಹೊತ್ತಿನ ನನ್ನ ದಿಗಿಲಿಗೆ ಮುಖ್ಯ ಕಾರಣ ಅಜ್ಞಾನವೆಂದು ನನಗೆ ತಿಳಿದದ್ದು ಅನಂತರ. ಇಂದು ರಾಜ್ಯದ ಯಾವುದೋ ಆಸ್ಪತ್ರೆಯ ಮೊಗಸಾಲೆಯಲ್ಲಿ ಹಾಗೆಯೇ ಕುಳಿತಿರುವವರಿಗೆ ಈ ಮಾತು ಉಪಯೋಗಕ್ಕೆ ಬಂದೀತೆಂಬುದೇ ನನ್ನ ಆಸೆ.

ಮೊದಲು ಆ ಅವಯವವನ್ನು ನೋಡೋಣ. ಬೆಳೆದ ಮನುಷ್ಯನ ಮೂತ್ರಪಿಂಡ ಸುಮಾರು 11 ಸೆಂಟಿಮೀಟರ್ ಉದ್ದ, 150 ಗ್ರಾಂ ತೂಕ. ಹೃದಯ ಹೊರಡಿಸುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಈ ಎರಡು ಸಣ್ಣ ಪಿಂಡಗಳಿಗೇ ಹರಿದುಬರುತ್ತದೆ. ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು. ದೇಹದೊಡನೆ ಇದಕ್ಕಿರುವ ಮುಖ್ಯ ಸಂಬಂಧಗಳು ಮೂರು: ರಕ್ತವನ್ನು ತರುವ ಅಪಧಮನಿ, ಒಯ್ಯುವ ಅಭಿಧಮನಿ, ಮೂತ್ರವನ್ನು ಮೂತ್ರಕೋಶಕ್ಕೆ ಇಳಿಸುವ ಮೂತ್ರನಾಳ. ದಾನಿಯಿಂದ ತೆಗೆಯುವಾಗ ಈ ಮೂರನ್ನೂ ಕತ್ತರಿಸುತ್ತಾರೆ; ರೋಗಿಯಲ್ಲಿ ಇಡುವಾಗ ಮೂರನ್ನೂ ಮತ್ತೆ ಕೂಡಿಸುತ್ತಾರೆ. ‘ಕಿಡ್ನಿ ಬದಲಾಯಿಸಿದರು’ ಎಂದು ನಾವು ಹೇಳುವುದುಂಟು. ಆದರೆ ಸಾಮಾನ್ಯವಾಗಿ ಹಳೆಯವನ್ನು ತೆಗೆಯುವುದೇ ಇಲ್ಲ. ಹೊಸತನ್ನು ಕಿಬ್ಬೊಟ್ಟೆಯ ಒಂದು ಮಗ್ಗುಲಲ್ಲಿ, ಕಾಲಿಗೆ ಇಳಿಯುವ ದೊಡ್ಡ ರಕ್ತನಾಳಗಳ ಬಳಿ, ಮೂರನೆಯದಾಗಿ ಇಡುತ್ತಾರೆ. ಅದು ಬದಲಾವಣೆಯಲ್ಲ, ನಿಜವಾಗಿಯೂ ಕಸಿಯೇ. ತೋಟಗಾರನ ಈ ಮಾತನ್ನು ಅಂಗಾಂಗಕ್ಕೆ ಒಗ್ಗಿಸಿದವರು ಯಾರೇ ಇರಲಿ, ಅವರ ಕಿವಿ ಚೆನ್ನಾಗಿತ್ತು.

ಕಸಿ ಕಟ್ಟುವವನಿಗೆ ಮೊದಲ ಶತ್ರು ಒಣಗುವಿಕೆ. ತಮ್ಮ ಅಪ್ಪೆಯ ಮರದಿಂದ ಕಡ್ಡಿಯನ್ನು ಕೊಯ್ದೊಡನೆ ಎಲೆ ಸವರಿ ಒದ್ದೆ ಬಟ್ಟೆಯಲ್ಲಿ ಸುತ್ತುತ್ತಾನೆ. ಅವಯವದ ಕಸಿಯಲ್ಲಿ ಮೊದಲ ಶತ್ರು ಬಿಸಿ. ರಕ್ತ ನಿಂತಮೇಲೂ ಜೀವಕೋಶಗಳಿಗೆ ಹಸಿವು ನಿಲ್ಲುವುದಿಲ್ಲ. ಮೈಯ ಬಿಸಿಯಲ್ಲೇ ಬಿಟ್ಟರೆ ಅರ್ಧ ಗಂಟೆಯಿಂದಾಚೆಗೆ ಹಾನಿ ಬೆಳೆಯುತ್ತಲೇ ಹೋಗುತ್ತದೆ. 4 ಡಿಗ್ರಿಯ ತಂಪಿಗೆ ಇಳಿಸಿದರೆ ಆ ಹಸಿವು ಹತ್ತರಲ್ಲೊಂದು ಪಾಲಿಗೆ ತಗ್ಗುತ್ತದೆ. ಆದುದರಿಂದ ಮೂರನೆಯ ಮೇಜಿನ ಮೊದಲ ಕೆಲಸ ತೊಳೆಯುವುದು. ಅಪಧಮನಿಯ ಬಾಯಿಗೆ ಸಣ್ಣ ಕೊಳವೆಯಿಟ್ಟು ತಂಪಾದ ದ್ರಾವಣವನ್ನು ಹರಿಯಬಿಡುತ್ತಾರೆ. ಅಭಿಧಮನಿಯಿಂದ ಮೊದಲು ಕೆಂಪಗೆ, ಆಮೇಲೆ ತಿಳಿಗೆಂಪಾಗಿ, ಕೊನೆಗೆ ನೀರಿನಂತೆ ಸ್ವಚ್ಛವಾಗಿ ಹೊರಬರುತ್ತದೆ. ಪಿಂಡದ ಕೆಂಪು ಅಳಿದು ಅದು ಬೂದುಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಸತ್ತಿತೆಂದುಕೊಂಡಾರು; ವಾಸ್ತವವಾಗಿ ಅದು ನಿದ್ರೆ.

ಈ ತಂಪಿನ ವಿದ್ಯೆ ಒಂದೇ ದಿನದಲ್ಲಿ ಬಂದುದಲ್ಲ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಇಟ್ಟು ಮೊಟ್ಟಮೊದಲ ಯಶಸ್ಸನ್ನು ಕಂಡರು. ಆ ಪಿಂಡ 82 ನಿಮಿಷ ರಕ್ತವಿಲ್ಲದೆ ಇತ್ತು. ಅದನ್ನು ತಂಪುಮಾಡಿಯೂ ಇರಲಿಲ್ಲ. ಆದರೂ ಅದು ಕೆಲಸ ಮಾಡಿತು. ಪಡೆದ ಸೋದರ ಎಂಟು ವರ್ಷ ಬಾಳಿದ. ಅಂಥ ಅದೃಷ್ಟವನ್ನು ಎಲ್ಲರಿಗೂ ನೆಚ್ಚುವಂತಿರಲಿಲ್ಲ. 1969ರಲ್ಲಿ ಜೆಫ್ರಿ ಕಾಲಿನ್ಸ್ ಮತ್ತು ಜೊತೆಗಾರರು ಲಾಸ್ ಏಂಜಲಿಸ್‌ನಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವ ದ್ರಾವಣವೊಂದನ್ನು ರೂಪಿಸಿ, ಅದರಿಂದ ತೊಳೆದು ಮಂಜಿನಲ್ಲಿಟ್ಟ ಮೂತ್ರಪಿಂಡವನ್ನು 30 ಗಂಟೆ ಕಾಪಾಡಬಹುದೆಂದು ತೋರಿಸಿದರು. ತಂಪಿನಲ್ಲಿ ಜೀವಕೋಶದ ಬಾಗಿಲು ಕಾಯುವ ಶಕ್ತಿ ಕುಂದುತ್ತದೆ. ಹೊರಗಿನ ಉಪ್ಪೂ ನೀರೂ ಒಳನುಗ್ಗಿ ಕೋಶ ಉಬ್ಬುತ್ತದೆ. ಹೊರಗಿನ ದ್ರವವನ್ನೇ ಒಳಗಿನದರಂತೆ ಮಾಡಿಬಿಟ್ಟರೆ ನುಗ್ಗಾಟ ಕಡಿಮೆಯಾಗುತ್ತದೆ ಎಂಬುದು ಅವರ ಯುಕ್ತಿ. 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸದರ್ಡ್ ಇನ್ನೂ ಮೇಲಾದ ದ್ರಾವಣವನ್ನು ಕೊಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಮೊದಲ ಯಶಸ್ವೀ ಮೂತ್ರಪಿಂಡ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ.

ತೊಳೆದಾಯಿತು, ತಂಪಾಯಿತು. ಇನ್ನು ಹಸನು ಮಾಡುವ ಕೆಲಸ. ಹಸನು ಎಂಬುದು ಎಂಥ ಒಳ್ಳೆಯ ಮಾತು! ನಾವು ಹೊಲವನ್ನು ಹಸನು ಮಾಡುತ್ತೇವೆ, ಅಕ್ಕಿಯನ್ನು ಹಸನು ಮಾಡುತ್ತೇವೆ, ಬಾಳನ್ನೂ ಹಸನು ಮಾಡಿಕೊಳ್ಳುತ್ತೇವೆ. ಕೊಳೆ ತೆಗೆಯುವುದಷ್ಟೇ ಹಸನಲ್ಲ. ಮುಂದಿನ ಕೆಲಸಕ್ಕೆ ತಕ್ಕುದಾಗುವಂತೆ ಅಣಿಮಾಡುವುದು ಹಸನು. ಶಸ್ತ್ರವೈದ್ಯರು ಕಣ್ಣಿಗೆ ಭೂತಗನ್ನಡಿ ತೊಟ್ಟು, ಪಿಂಡವನ್ನು ಮಂಜಿನ ಹುಡಿಯ ನಡುವೆ ತಂಪುದ್ರಾವಣದಲ್ಲಿಯೇ ಮುಳುಗಿಸಿಟ್ಟುಕೊಂಡು ಕೆಲಸ ಮಾಡುತ್ತಾರೆ. ಸುತ್ತ ಹತ್ತಿರುವ ಕೊಬ್ಬನ್ನು ಬಿಡಿಸುತ್ತಾರೆ. ಹಾಗೆ ಬಿಡಿಸುವಾಗ ಪಿಂಡದ ಮೈಯೆಲ್ಲ ಕಣ್ಣಿಗೆ ಬೀಳುತ್ತದೆ: ಗಾಯವಿದೆಯೆ, ಗಂಟಿದೆಯೆ, ನೀರುಗುಳ್ಳೆಯಿದೆಯೆ, ಅಪಧಮನಿಯ ಬಾಯಿ ಗಡುಸಾಗಿದೆಯೆ? ಸಂದೇಹ ಬಂದರೆ ಚೂರೊಂದನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಈ ಮೇಜಿನ ಮೇಲೆಯೇ ಕೆಲವೊಮ್ಮೆ ‘ಇದು ಬೇಡ’ ಎಂಬ ಕಠಿನವಾದ ತೀರ್ಮಾನವೂ ಆಗುವುದುಂಟು.

ಆದರೆ ಈ ಕೆಲಸದ ಹಿರಿಮೆಯಿರುವುದು ತೆಗೆಯುವುದರಲ್ಲಿ ಮಾತ್ರವಲ್ಲ, ತೆಗೆಯದೆ ಬಿಡುವುದರಲ್ಲಿಯೂ. ಪಿಂಡದ ಕೆಳತುದಿ, ಅದರ ಒಳಮಗ್ಗುಲಿನ ಕೊರಕಲು, ಮೂತ್ರನಾಳ ಇವುಗಳ ನಡುವೆ ತ್ರಿಕೋನಾಕಾರದ ಒಂದು ಎಡೆಯಿದೆ. ವೈದ್ಯರು ಅದನ್ನು ಬಂಗಾರದ ತ್ರಿಕೋನ ಎಂದು ಕರೆಯುತ್ತಾರೆ. ಅಲ್ಲಿರುವುದೂ ನೋಡುವುದಕ್ಕೆ ಬರಿಯ ಕೊಬ್ಬೇ. ಆದರೆ ಅದರೊಳಗೆ ಮೂತ್ರನಾಳವನ್ನು ಸಾಕುವ ಎಳೆಯಂಥ ರಕ್ತನಾಳಗಳು ಹರಿದಿವೆ. ದಾನಿಯ ಮೈಯಲ್ಲಿದ್ದಾಗ ಮೂತ್ರನಾಳಕ್ಕೆ ದಾರಿಯುದ್ದಕ್ಕೂ ಹಲವು ಕಡೆಯಿಂದ ರಕ್ತ ಬರುತ್ತಿತ್ತು. ಕತ್ತರಿಸಿ ತಂದಮೇಲೆ ಉಳಿಯುವುದು ಮೂತ್ರಪಿಂಡದ ಕಡೆಯಿಂದ ಬರುವ ಈ ಒಂದೇ ಆಸರೆ. ಚೊಕ್ಕಟವಾಗಲೆಂದು ಇಲ್ಲಿಯ ಕೊಬ್ಬನ್ನೂ ಕೆರೆದುಬಿಟ್ಟರೆ ಆ ಹೊತ್ತಿಗೆ ಕಣ್ಣಿಗೆ ಅಂದವಾಗಿ ಕಾಣುತ್ತದೆ. ಕೆಲವು ದಿನಗಳಲ್ಲಿ ನಾಳದ ತುದಿ ಕೊಳೆತು ಮೂತ್ರ ಸೋರುತ್ತದೆ.

ಇದನ್ನು ಕೇಳಿದಾಗ ನನಗೆ ನನ್ನ ಗುರುಗಳ ನೆನಪಾಯಿತು. ಓಲೆಗರಿಯ ಪ್ರತಿಗಳನ್ನು ತಿದ್ದಿ ಗ್ರಂಥಸಂಪಾದನೆ ಮಾಡುವುದನ್ನು ನಮಗೆ ಕಲಿಸುತ್ತಿದ್ದಾಗ ಅವರು ಎಚ್ಚರಿಸುತ್ತಿದ್ದುದು ಇದನ್ನೇ. ಲಿಪಿಕಾರನ ತಪ್ಪನ್ನು ತೆಗೆಯಬೇಕು, ದಿಟ. ಆದರೆ ನಮಗೆ ಅರ್ಥವಾಗದ ಪಾಠವೆಲ್ಲ ತಪ್ಪಲ್ಲ. ನಾವು ಕಸವೆಂದು ಗುಡಿಸಿದ ಮಾತಿನಲ್ಲಿಯೇ ಕವಿಯ ಉಸಿರು ಇದ್ದೀತು. ಅವರ ಆ ಎಚ್ಚರವನ್ನು ನಾನು ಓಲೆಗರಿಗೆ ಮಾತ್ರ ಸೇರಿದ್ದೆಂದು ಎಣಿಸಿದ್ದೆ.

ಮುಂದಿನದು ರಕ್ತನಾಳಗಳ ಕೆಲಸ. ಇಲ್ಲಿ ಒಂದು ಮುಖ್ಯವಾದ ಭೇದವಿದೆ. ಅಭಿಧಮನಿಗಳು ಪಿಂಡದೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದು ಸಣ್ಣ ಅಭಿಧಮನಿಯನ್ನು ಕಟ್ಟಿಬಿಟ್ಟರೆ ರಕ್ತ ಇನ್ನೊಂದು ದಾರಿ ಹಿಡಿದು ಹೊರಬೀಳುತ್ತದೆ. ಎಡ ಮೂತ್ರಪಿಂಡದ ಅಭಿಧಮನಿಗೆ ಅಡ್ರಿನಲ್ ಗ್ರಂಥಿಯಿಂದಲೂ ಬೇರೆ ಕಡೆಯಿಂದಲೂ ಬಂದು ಸೇರುವ ಉಪನಾಳಗಳುಂಟು. ಅವುಗಳ ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ದಾರದಿಂದ ಬಿಗಿಯುತ್ತಾರೆ. ಅಪಧಮನಿಗಳ ರೀತಿ ಬೇರೆ. ಪ್ರತಿಯೊಂದಕ್ಕೂ ತನ್ನದೇ ಆಯಕಟ್ಟು, ಒಂದರ ನೀರು ಇನ್ನೊಂದರ ಗದ್ದೆಗೆ ಹೋಗುವುದಿಲ್ಲ. ಒಂದನ್ನು ಕಟ್ಟಿದರೆ ಅದರ ಗದ್ದೆ ಒಣಗಿಯೇ ತೀರಬೇಕು.

ಮೃತರಾದ ದಾನಿಯಿಂದ ಪಿಂಡ ಬಂದಾಗ ವೈದ್ಯರಿಗೆ ಒಂದು ಅನುಕೂಲವುಂಟು. ಹೊಟ್ಟೆಯ ಮಹಾಪಧಮನಿಯ ಗೋಡೆಯಿಂದ ಬಿಲ್ಲೆಯಂಥ ಒಂದು ತೇಪೆಯನ್ನೂ ಸೇರಿಸಿಯೇ ಅಪಧಮನಿಯನ್ನು ಕತ್ತರಿಸಿಕೊಳ್ಳಬಹುದು. ಹೊಲಿಯುವಾಗ ಸೂಜಿ ಆ ತೇಪೆಯಲ್ಲಿ ಹಾಯುತ್ತದೆ. ಅಪಧಮನಿಯ ಬಾಯಿ ಕುಗ್ಗುವುದಿಲ್ಲ. ಇದಕ್ಕೆ ಕ್ಯಾರೆಲ್ ತೇಪೆ ಎಂದು ಹೆಸರು. ಅಲೆಕ್ಸಿಸ್ ಕ್ಯಾರೆಲ್ ಫ್ರಾನ್ಸಿನ ಲಿಯೋನ್ ನಗರದವನು. 1894ರಲ್ಲಿ ಆ ನಗರದಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಚೂರಿಯ ಇರಿತದಿಂದ ಸತ್ತ. ತುಂಡಾದ ರಕ್ತನಾಳವನ್ನು ಹೊಲಿಯುವ ವಿದ್ಯೆ ಆಗ ವೈದ್ಯರಿಗಿರಲಿಲ್ಲ. ಆ ವಿದ್ಯೆಯನ್ನು ಸಾಧಿಸಲು ಹೊರಟ ಕ್ಯಾರೆಲ್ ಸೂಜಿಯ ನಯವನ್ನು ಕಸೂತಿ ಹಾಕುವ ಹೆಂಗಸಿನಿಂದ ಕಲಿತನೆಂದು ಹೇಳುತ್ತಾರೆ. ದುಂಡಗಿನ ನಾಳಕ್ಕೆ ಮೂರು ಕಡೆ ದಾರ ಹಾಕಿ ಎಳೆದರೆ ಬಾಯಿ ತ್ರಿಕೋನವಾಗುತ್ತದೆ. ನೇರ ಅಂಚುಗಳನ್ನು ಹೊಲಿಯುವುದು ಸುಲಭ. 1902ರಲ್ಲಿ ಪ್ರಕಟಿಸಿದ ಈ ಕೆಲಸದ ಮುಂದುವರಿಕೆಗಾಗಿ ಅವನಿಗೆ 1912ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಬಲ ಮೂತ್ರಪಿಂಡಕ್ಕೆ ಇನ್ನೊಂದು ತೊಡಕು. ಅದರ ಅಭಿಧಮನಿ ಎಡದಕ್ಕಿಂತ ಬಹಳ ಗಿಡ್ಡ. ಮೃತ ದಾನಿಯದಾದರೆ ಪಕ್ಕದ ಮಹಾ ಅಭಿಧಮನಿಯ ಭಾಗವನ್ನು ಸೇರಿಸಿಕೊಂಡು ಈ ಮೇಜಿನ ಮೇಲೆಯೇ ಕೊಳವೆಯಾಗಿ ಹೊಲಿದು ಅದನ್ನು ಉದ್ದಮಾಡುತ್ತಾರೆ. ಬದುಕಿರುವವರಿಂದ ಹಾಗೆ ತೇಪೆಯನ್ನಾಗಲಿ ಮಹಾ ಅಭಿಧಮನಿಯನ್ನಾಗಲಿ ಕತ್ತರಿಸಿ ತರಲು ಬಾರದು, ಕೊಟ್ಟವರು ಬದುಕಬೇಕಲ್ಲವೆ? ಆದುದರಿಂದಲೇ ಬದುಕಿರುವ ದಾನಿಗಳಿಂದ ಸಾಧಾರಣವಾಗಿ ಎಡದ್ದನ್ನು ಆರಿಸುತ್ತಾರೆ. ನನ್ನ ಅಕ್ಕ ಕೊಟ್ಟದ್ದೂ ಎಡದ್ದೇ.

ಆದರೆ ಅಕ್ಕನ ಆ ಪಿಂಡಕ್ಕೆ ಅಪಧಮನಿಗಳು ಎರಡಿದ್ದುವು. ಇದು ರೋಗವಲ್ಲ, ಅಪರೂಪವೂ ಅಲ್ಲ. ನೂರರಲ್ಲಿ ಇಪ್ಪತ್ತೈದು ಮೂವತ್ತು ಮಂದಿಗೆ ಹೀಗಿರುತ್ತದೆ. ಮೊದಲೇ ತೆಗೆದ ಚಿತ್ರಗಳಿಂದ ವೈದ್ಯರಿಗೆ ಅದು ಗೊತ್ತಿತ್ತು. ಒಂದು ದಪ್ಪ, ಇನ್ನೊಂದು ಸಪುರ, ಕೆಳತುದಿಗೆ ಹೋಗುವಂಥದು. ಮೇಲಿನ ತುದಿಗೆ ಹೋಗುವ ಬಹಳ ಸಣ್ಣದಾಗಿದ್ದರೆ ಕೆಲವೊಮ್ಮೆ ಬಿಟ್ಟುಬಿಡುವುದುಂಟಂತೆ. ಕೆಳಗಿನದನ್ನು ಬಿಡುವಂತಿಲ್ಲ, ಏಕೆಂದರೆ ನಾನಾಗಲೇ ಹೇಳಿದ ಮೂತ್ರನಾಳದ ಜೀವ ಅದರಲ್ಲಿರುತ್ತದೆ.

ಇಂಥಲ್ಲಿ ದಾರಿಗಳು ಹಲವು. ಎರಡೂ ಒಂದೇ ಗಾತ್ರದವಾದರೆ ತುದಿಗಳನ್ನು ತುಸು ಸೀಳಿ ಪಕ್ಕಕ್ಕೆ ಪಕ್ಕ ಹೊಲಿದು ಒಂದೇ ಬಾಯಿ ಮಾಡುತ್ತಾರೆ. ಷರಾಯಿಯ ಎರಡು ಕಾಲು ಸೊಂಟದಲ್ಲಿ ಕೂಡುವಂತೆ. ಒಂದು ಸಣ್ಣದಾದರೆ ಅದರ ತುದಿಯನ್ನು ದೊಡ್ಡದರ ಮಗ್ಗುಲಿಗೆ, ಹೊಳೆಗೆ ಹಳ್ಳ ಕೂಡುವಂತೆ, ಸೇರಿಸುತ್ತಾರೆ. ಎರಡೂ ದೂರ ದೂರವಿದ್ದರೆ ಬೇರೆ ಬೇರೆಯಾಗಿ ರೋಗಿಯ ರಕ್ತನಾಳಕ್ಕೆ ಜೋಡಿಸುವುದುಂಟು. ರೋಗಿಯದೇ ಹೊಟ್ಟೆಗೋಡೆಯ ಅಪಧಮನಿಯೊಂದನ್ನು ತಿರುಗಿಸಿ ತರುವುದೂ ಉಂಟು. ತಲೆಗೂದಲಿನಷ್ಟು ತೆಳುವಾದ ಪಾಲಿಪ್ರೊಪಿಲೀನ್ ದಾರ. ಸೂಜಿಯೂ ಅದಕ್ಕೆ ತಕ್ಕುದು. ದಾರ ಬಿಗಿಯಾದರೆ ಬಾಯಿ ಮುಚ್ಚುತ್ತದೆ, ಸಡಿಲವಾದರೆ ಸೋರುತ್ತದೆ. ರೋಗಿಯ ಹೊಟ್ಟೆಯ ಆಳದಲ್ಲಿ, ಬಿಸಿಯಲ್ಲಿ, ರಕ್ತದ ನಡುವೆ ಈ ಕೆಲಸ ಮಾಡುವುದು ಕಷ್ಟ. ಮೇಜಿನ ಮೇಲೆ, ತಂಪಿನಲ್ಲಿ, ಬೆಳಕಿನಲ್ಲಿ ಮಾಡಿಕೊಂಡರೆ ಒಳಗೆ ಹೊಲಿಯಬೇಕಾದ ಅಪಧಮನಿ ಒಂದೇ ಆಗುತ್ತದೆ. ಇಲ್ಲಿ ಕಳೆದ ಅರ್ಧ ಗಂಟೆ ಅಲ್ಲಿ ಉಳಿಯುತ್ತದೆ.

ಕೊನೆಗೆ ಪರೀಕ್ಷೆ. ಅಪಧಮನಿಯ ಮೂಲಕ ಮತ್ತೆ ತಂಪು ದ್ರಾವಣವನ್ನು ಹಾಯಿಸಿ ಎಲ್ಲಾದರೂ ಜಿನುಗುತ್ತದೆಯೆ ಎಂದು ನೋಡುತ್ತಾರೆ. ಜಿನುಗಿದಲ್ಲಿ ದಾರ ಕಟ್ಟುತ್ತಾರೆ. ಇಲ್ಲಿ ಕಾಣದ ತೂತು, ರಕ್ತ ಹರಿಯತೊಡಗಿದ ಮೇಲೆ ಕಾಣುತ್ತದೆ. ಆಗ ನಿಧಾನಕ್ಕೆ ಎಡೆಯಿಲ್ಲ. ಆಮೇಲೆ ಪಿಂಡವನ್ನು ತಂಪಾದ ಬಟ್ಟೆಯಲ್ಲಿ ಸುತ್ತಿ, ಮೇಲು ಕೆಳಗು ತಪ್ಪದಂತೆ, ಎರಡನೆಯ ಮೇಜಿಗೆ ಒಯ್ಯುತ್ತಾರೆ.

ಅಂದು ಒಂದೂ ಮುಕ್ಕಾಲಿಗೆ ಶಸ್ತ್ರವೈದ್ಯರು ಹೊರಗೆ ಬಂದರು. ನನ್ನ ಮುಖ ನೋಡಿ ಅವರಿಗೇನನ್ನಿಸಿತೋ, ಪಕ್ಕದಲ್ಲಿ ಕುಳಿತು ಒಂದು ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದರು. ಒಂದು ದೊಡ್ಡ ಗೆರೆ, ಅದರ ಮಗ್ಗುಲಿಗೆ ಸೇರುವ ಒಂದು ಸಣ್ಣ ಗೆರೆ. “ಇದಕ್ಕೆ ಹೊತ್ತು ಹಿಡಿಯಿತು ಮೇಷ್ಟ್ರೆ. ಅವಸರ ಮಾಡಬಾರದಾಗಿತ್ತು” ಎಂದರು. ಕಟ್ಟು ಬಿಟ್ಟೊಡನೆ ಬೂದಾಗಿದ್ದ ಪಿಂಡ ಕೆಂಪೇರಿತಂತೆ, ಮೇಜಿನ ಮೇಲೆಯೇ ಮೂತ್ರದ ಹನಿ ಕಂಡಿತಂತೆ. ಆ ಕಾಗದ ಇಂದಿಗೂ ನನ್ನ ಕೋಶದ ಪುಸ್ತಕದೊಳಗಿದೆ. ಅವರ ಕೈಚಳಕಕ್ಕೆ ನಾನು ಋಣಿ. ಆದರೂ ಒಂದು ಮಾತು ಹೇಳಲೇಬೇಕು: ‘ಎರಡು ಅಪಧಮನಿಗಳಿವೆ, ಕೂಡಿಸಲು ಒಂದು ಗಂಟೆ ಹೆಚ್ಚು ಬೇಕು’ ಎಂದು ಮೊದಲೇ ಯಾರಾದರೂ ತಿಳಿಸಿದ್ದರೆ ನಮ್ಮ ಆ ಮೂರು ಗಂಟೆಗಳು ಅಷ್ಟು ಕರಾಳವಾಗುತ್ತಿರಲಿಲ್ಲ. ಒಳಗಿನ ಕೆಲಸದಷ್ಟೇ ಹೊರಗಿನವರಿಗೆ ಹೇಳುವ ಒಂದು ಮಾತೂ ಹಸನಿನ ಭಾಗವೇ ಎಂದು ನಾನು ತಿಳಿದಿದ್ದೇನೆ.

ಸಂಜೆ ಅಕ್ಕನಿಗೆ ಎಚ್ಚರವಾಯಿತು. ನೋವಿನಲ್ಲಿಯೂ ಅವಳು ಕೇಳಿದ್ದು ಒಂದೇ: “ಅದು ಹತ್ತಿತಾ?” ಕಸಿ ಹತ್ತಿತೇ ಎಂದು ತೋಟದಲ್ಲಿ ಕೇಳುವ ಮಾತು ಅದು. ನಾಲ್ಕಾರು ದಿನಗಳ ಮೇಲೆ ತಮ್ಮನಿಗೆ ಆ ಚಿತ್ರವನ್ನು ತೋರಿಸಿದೆ. ಬಹಳ ಹೊತ್ತು ನೋಡಿ ಅವನೆಂದ: “ಕಡ್ಡಿ ಒಣಗದ ಹಾಗೆ ನೋಡಿಕೊಂಡು, ಕಚ್ಚು ಸರಿ ಮಾಡಿಕೊಂಡರೆ ಅರ್ಧ ಕಸಿ ಮುಗಿದ ಹಾಗೆ ಅಣ್ಣ. ಕಟ್ಟುವುದನ್ನು ಎಲ್ಲರೂ ನೋಡುತ್ತಾರೆ. ಕಡ್ಡಿ ಕೆತ್ತುವುದನ್ನು ಯಾರೂ ನೋಡುವುದಿಲ್ಲ.” ಅವನು ಈಗಲೂ ತೋಟಕ್ಕೆ ಹೋಗುತ್ತಾನೆ, ದಿನವೂ ತಪ್ಪದೆ ಮಾತ್ರೆ ನುಂಗುತ್ತಾನೆ. ಅಕ್ಕ ಒಂದೇ ಮೂತ್ರಪಿಂಡದಲ್ಲಿ ಮನೆವಾರ್ತೆ ನಡೆಸಿಕೊಂಡಿದ್ದಾಳೆ.

ಎಲ್ಲರಿಗೂ ಅಂಥ ಅಕ್ಕ ಇರುವುದಿಲ್ಲ. 1994ರಲ್ಲಿ ನಮ್ಮ ದೇಶದಲ್ಲಿ ಅಂಗಾಂಗ ಕಸಿಯ ಕಾಯಿದೆ ಬಂದು, ಮೆದುಳು ಸತ್ತವರ ಅಂಗಗಳನ್ನು ಅವರ ಮನೆಯವರ ಒಪ್ಪಿಗೆಯಿಂದ ಪಡೆಯಲು ದಾರಿಯಾಯಿತು. ನಾಲ್ವರು ವೈದ್ಯರು, ಕಡಿಮೆಯೆಂದರೆ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮೆದುಳಿನ ಸಾವನ್ನು ದೃಢಪಡಿಸಬೇಕು. ನಮ್ಮ ರಾಜ್ಯದಲ್ಲಿ ಇಂಥ ದಾನದ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಆ ದುಃಖದ ನಡುವೆ ಮನೆಯವರನ್ನು ಕೇಳಿದಾಗ ಅವರಿಗೆ ಬರುವ ಹೆದರಿಕೆಗಳಲ್ಲಿ ಒಂದು, ‘ನಮ್ಮವರದ್ದನ್ನು ತೆಗೆದು ಏನು ಮಾಡುತ್ತಾರೋ’ ಎಂಬುದು. ಅವರಿಗೆ ನಾನು ಹೇಳಬಯಸುವುದು ಇಷ್ಟೆ. ತೆಗೆದದ್ದನ್ನು ಯಾರೂ ವಸ್ತುವಿನಂತೆ ಎಸೆದಾಡುವುದಿಲ್ಲ. ಯಾರಿಗೂ ಸೇರದೆ ಇರುವ ಆ ಒಂದೆರಡು ಗಂಟೆಗಳಲ್ಲಿ, ಮಂಜಿನಿಂದ ಮರಗಟ್ಟುವ ಬೆರಳುಗಳಲ್ಲಿ ಸೂಜಿ ಹಿಡಿದು, ಒಂದು ಎಳೆಯಷ್ಟು ನಾಳವೂ ವ್ಯರ್ಥವಾಗಬಾರದೆಂದು ಯಾರೋ ಒಬ್ಬರು ಅದರ ಮೇಲೆ ಬಾಗಿ ಕುಳಿತಿರುತ್ತಾರೆ.

ನನ್ನ ಸಕ್ಕರೆ ಕಾಯಿಲೆ ತಮ್ಮನಿಗೆ ಕೊಡಲು ಅಡ್ಡಿಯಾಯಿತು. ನಾಳೆ ನಾನು ಸತ್ತಮೇಲೆ ಯಾವುದು ಯಾರಿಗೆ ತಕ್ಕುದೆಂಬುದನ್ನು ಆ ಮೇಜಿನ ಬಳಿಯ ವೈದ್ಯರು ತೀರ್ಮಾನಿಸಲಿ. ಕೊಡಬೇಕೆಂಬ ನನ್ನ ಇಷ್ಟವನ್ನು ಮಾತ್ರ ಮನೆಯವರಿಗೆ ಬಾಯಿಬಿಟ್ಟು ಹೇಳಿಟ್ಟಿದ್ದೇನೆ. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರು. ನೀವೂ ಇಂದು ರಾತ್ರಿಯ ಊಟದ ಹೊತ್ತಿನಲ್ಲಿ ನಿಮ್ಮ ಇಷ್ಟವೇನೆಂಬುದನ್ನು ಮನೆಯವರೊಡನೆ ಒಮ್ಮೆ ಆಡಿದರೆ ನನ್ನ ಮಾತು ಸಾರ್ಥಕ.



(ಬಾನುಲಿ ಭಾಷಣ)